ಫೋಟೊಗೆ ಕಟ್ಟು ಹಾಕಿಸುವ ಮುನ್ನ

ಹಳೆಯ ಹಂಚಿನ ಮನೆಗಳ ಪಡಸಾಲೆಯಲ್ಲಿ ಫೋಟೊಗಳು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿರಲಿಲ್ಲ. ಬಾಗಿಲ ನೆತ್ತಿಯ ಮೇಲೆ, ತೊಲೆಯ ಕೆಳಗೆ, ಸಾಲಾಗಿ ಮುಂದಕ್ಕೆ ಬಾಗಿರುತ್ತಿದ್ದವು. ಕಟ್ಟಿನ ಕೆಳಗಂಚಿಗೆ ಎರಡು ಮೊಳೆಗಳ ಆಸರೆ, ಮೇಲಂಚಿಗೆ ತಂತಿ ಅಥವಾ ಹುರಿ. ಹಿಂದಿನ ಸಂದಿಯಲ್ಲಿ ಗುಬ್ಬಚ್ಚಿ ಗೂಡು. ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಬೆಳೆದವರಿಗೆ ಈ ನೋಟ ಚೆನ್ನಾಗಿ ಗೊತ್ತು. ಹಾಗೆ ಬಾಗಿಸಿದ್ದರಿಂದ ಮೂರು ಅನುಕೂಲಗಳಿದ್ದವು. ಚಾಪೆಯ ಮೇಲೆ ಕುಳಿತವರಿಗೂ ಎತ್ತರದ ಚಿತ್ರ ನೇರವಾಗಿ ಕಾಣುತ್ತಿತ್ತು. ಬಾಗಿಲ ಬೆಳಕು ಗಾಜಿನ ಮೇಲೆ ಹೊಳೆದು ಮುಖ ಮರೆಯಾಗುತ್ತಿರಲಿಲ್ಲ. ಮಣ್ಣಿನ ಗೋಡೆಯ ಥಂಡಿ ಕಾಗದಕ್ಕೆ ತಾಗುತ್ತಿರಲಿಲ್ಲ.

ಈಗಿನ ತಾರಸಿ ಮನೆಗಳಲ್ಲಿ ಗೋಡೆಗೆ ಪುಟ್ಟಿ ಹಚ್ಚಿ ನುಣುಪು ಮಾಡಿ, ಅದಕ್ಕೆ ಅಂಟಿದಂತೆ ಫ್ರೇಮು ತೂಗುಹಾಕುತ್ತಾರೆ. ನೋಡಲು ಚೆಂದವೇ. ಆದರೆ ಮೂರನೆಯ ಅನುಕೂಲ ಕೈಬಿಟ್ಟುಹೋಯಿತು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಮದುವೆಯ ಫೋಟೊ ಅಂಚಿನಿಂದ ಉಬ್ಬುವುದು, ಗಾಜಿನ ಒಳಗೆ ಬೂಷ್ಟು ಚುಕ್ಕೆ ಕಟ್ಟುವುದು, ಬೆನ್ನಿನ ಹಲಗೆಗೆ ಗೆದ್ದಲು ಹಿಡಿಯುವುದು ಶುರುವಾಗುತ್ತದೆ. ಸ್ಟುಡಿಯೊದ ಗೋಡೆಯಲ್ಲಿ ನೇತುಹಾಕಿರುವ ಮಾದರಿ ತುಂಡುಗಳಲ್ಲಿ ಚಿನ್ನದ ಬಣ್ಣದ್ದೋ ಕಪ್ಪು ಬಣ್ಣದ್ದೋ ಎಂದು ಆರಿಸುವುದು ಕೊನೆಯ ಕೆಲಸ. ಯಾವ ಚಿತ್ರ, ಅದರ ಫೈಲು ಎಷ್ಟು ದೊಡ್ಡದು, ಅದು ಸೇರುವ ಗೋಡೆ ಎಂಥದ್ದು ಎಂಬ ಮೂರೂ ಮೊದಲೇ ತೀರ್ಮಾನವಾಗಬೇಕು.

ಹಾಸನ ಜಿಲ್ಲೆಯವರಿಗೆ ಚಿತ್ರಕ್ಕೇನೂ ಬರವಿಲ್ಲ. ಫೋಟೊಗ್ರಫಿ ಇನ್ನೂ ಎಳೆಯದಾಗಿದ್ದ ಕಾಲದಲ್ಲೇ ಕ್ಯಾಮೆರಾ ಈ ನೆಲಕ್ಕೆ ಬಂದಿತ್ತು. ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲೀ ಎಂಬ ಸೇನಾಧಿಕಾರಿ ತೆಗೆದ ಹಳೇಬೀಡಿನ 56 ಚಿತ್ರಗಳ ಪುಸ್ತಕ ‘ದಿ ಪಗೋಡಾ ಆಫ್ ಹಳ್ಳಿಬೀಡ್’ 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. 1919ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೇಲೂರಿನ ಮೇಲೊಂದು, ದೊಡ್ಡಗದ್ದವಳ್ಳಿಯ ಮೇಲೊಂದು ಸಚಿತ್ರ ಹೊತ್ತಗೆ ತಂದರು. ಇಷ್ಟು ಹಳೆಯ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ, ಒಳ್ಳೆಯ ಸ್ಕ್ಯಾನ್ ಸಿಕ್ಕರೆ ಮನೆಯ ಗೋಡೆಗೆ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ. ಬಳಪದ ಕಲ್ಲಿನ ಕೆತ್ತನೆ ಕಪ್ಪುಬಿಳುಪಿನಲ್ಲಿ ಬಣ್ಣದ ಚಿತ್ರಕ್ಕಿಂತ ಆಳವಾಗಿ ಕಾಣುತ್ತದೆ. ಅಂಥ ಚಿತ್ರಕ್ಕೆ ಹೊಳಪಿಲ್ಲದ ಕಾಗದ, ಅಗಲವಾದ ಬಿಳಿ ರಟ್ಟಿನ ಮೌಂಟ್, ತೆಳುವಾದ ಕಪ್ಪು ಕಟ್ಟು ಸಾಕು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳ ಶಿಲ್ಪದ ಫೋಟೊ ಹಾಕಿಸುವ ಆಸೆ ಹಲವರಲ್ಲಿ ಮೂಡಿದೆ. ಆದರೆ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರ ಎರಡು ಕಾರಣಕ್ಕೆ ಬೇಡ: ಅದು ಬೇರೆಯವರ ಶ್ರಮ, ಮತ್ತು ಹೆಚ್ಚಿನಂಶ ಅದರ ಫೈಲು ಚಿಕ್ಕದು.

ತಾವೇ ಹೋಗಿ ತೆಗೆಯುವವರು ಬಿಸಿಲಿನ ದಿಕ್ಕು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ. ನಡುಹಗಲಿನಲ್ಲಿ ಅವರ ಮುಖ ಕತ್ತಲು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ ಉತ್ತರಕ್ಕೆ ಮುಖಮಾಡಿ ನಿಂತಿರುವುದರಿಂದ ಬೆಳಗಿನ ಬೆಳಕು ಅವನ ಬಲಗಡೆಯಿಂದ ಬೀಳುತ್ತದೆ. ಕೆನ್ನೆ, ಭುಜ, ಬಳ್ಳಿ ಸುತ್ತಿದ ತೋಳು ಎಲ್ಲಕ್ಕೂ ನೆರಳು ಸಿಕ್ಕಿ ಉಬ್ಬು ಕಾಣುತ್ತದೆ. ಇದು ನಿಂತ ಚಿತ್ರ. ಸೋಫಾದ ಮೇಲಿನ ಅಗಲ ಗೋಡೆಗಿಂತ ಎರಡು ಬಾಗಿಲ ನಡುವಿನ ಕಿರಿದಾದ ಜಾಗಕ್ಕೆ ಒಪ್ಪುತ್ತದೆ. ಗೊರೂರು ಹಿನ್ನೀರಿನಲ್ಲಿ ಮಳೆಗಾಲದ ಹೊತ್ತಿಗೆ ಅರೆಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚು ಅಡ್ಡ ಚಿತ್ರ. ನೀರಿನಲ್ಲಿ ಬಿದ್ದ ಪ್ರತಿಬಿಂಬಕ್ಕೂ ಜಾಗ ಬಿಟ್ಟು ತೆಗೆಯಬೇಕು. ರಾಮನಾಥಪುರದ ಕಾವೇರಿ, ಹೂಮಳೆ ಬಿದ್ದು ವಾರ ಕಳೆದ ಮೇಲೆ ಬೆಳ್ಳಗೆ ಅರಳುವ ಕಾಫಿ ತೋಟ, ಚನ್ನರಾಯಪಟ್ಟಣ ಸೀಮೆಯ ತೆಂಗಿನ ಸಾಲು, ಇವೆಲ್ಲ ಪೇಟೆಯಲ್ಲಿ ಸಿಗುವ ಸ್ವಿಸ್ ಬೆಟ್ಟದ ಪೋಸ್ಟರಿಗಿಂತ ಇಲ್ಲಿನ ಮನೆಗಳಿಗೆ ಹತ್ತಿರದವು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು ಎಂಬುದು ನೆನಪಿರಲಿ.

ಊರಿನ ಚಿತ್ರಕ್ಕಿಂತ ಹೆಚ್ಚು ಜನ ಕಟ್ಟು ಹಾಕಿಸುವುದು ಮನೆಯವರ ಚಿತ್ರಕ್ಕೆ. ಅದರಲ್ಲೂ ಹಿರಿಯರದಕ್ಕೆ. ಮಹಾಲಯ ಅಮಾವಾಸ್ಯೆಯ ಸುತ್ತ ಪಕ್ಷ ಮಾಡುವ ಮನೆಗಳಲ್ಲಿ ಆ ಫೋಟೊಗಳನ್ನು ಕೆಳಗಿಳಿಸಿ, ಒರೆಸಿ, ಗಂಧ ಕುಂಕುಮ ಹಚ್ಚಿ, ಹಾರ ಹಾಕಿ ಎಡೆ ಇಡುತ್ತಾರೆ. ಹಾಗಾಗಿ ಇಲ್ಲಿ ಹಿರಿಯರ ಫೋಟೊ ಗೋಡೆಯ ಅಲಂಕಾರವಷ್ಟೇ ಅಲ್ಲ, ವರ್ಷಕ್ಕೊಮ್ಮೆ ಕೈಗೆ ಬರುವ ವಸ್ತು. ಅದಕ್ಕೆ ತಕ್ಕಂತೆ ಗಾಜು ಇರಲೇಬೇಕು, ಕಟ್ಟಿನ ಮೂಲೆ ಬಿಗಿಯಾಗಿರಬೇಕು, ಒದ್ದೆ ಬಟ್ಟೆಯ ನೀರು ಸಂದಿಯಿಂದ ಒಳಗೆ ಇಳಿಯದಂತಿರಬೇಕು. ಗಾಜಿಲ್ಲದ ಕ್ಯಾನ್ವಾಸಿನ ಮೇಲೆ ಕುಂಕುಮ ಹಚ್ಚಿದರೆ ಆ ಕಲೆ ಹೋಗುವುದಿಲ್ಲ.

ದುಃಖದ ಸಂಗತಿಯೆಂದರೆ ಈ ಫೋಟೊ ಹುಡುಕುವ ಕೆಲಸ ಬಹಳ ಮನೆಗಳಲ್ಲಿ ತಿಥಿಗೆ ಎರಡು ದಿನ ಇರುವಾಗ ಶುರುವಾಗುತ್ತದೆ. ಆಧಾರ್ ಕಾರ್ಡಿನ ಮಸುಕು ಮುಖವನ್ನೋ, ಯಾರದೋ ಮದುವೆಯ ಗುಂಪು ಫೋಟೊವನ್ನೋ ಹಿಡಿದು ಸ್ಟುಡಿಯೊಗೆ ಓಡುತ್ತಾರೆ. ‘ಅಣ್ಣಾ, ಇದ್ರಲ್ಲಿ ಅಪ್ಪನ ಮುಖ ಮಾತ್ರ ಬೇಕು, ದೊಡ್ಡದಾಗಿ ಮಾಡ್ಕೊಡಿ’ ಎಂಬ ಮಾತನ್ನು ಕೇಳದ ಸ್ಟುಡಿಯೊದವರು ಇರಲಾರರು. ಉಗುರಿನಷ್ಟಿರುವ ಮುಖವನ್ನು 12 ಇಂಚಿಗೆ ಹಿಗ್ಗಿಸಿದಾಗ ಇಲ್ಲದ ವಿವರವನ್ನು ಕಂಪ್ಯೂಟರ್ ತಾನೇ ಕಟ್ಟಿ ತುಂಬುತ್ತದೆ. ಈಚಿನ ಎಐ ತಂತ್ರಾಂಶಗಳು ಕಣ್ಣು, ಹಲ್ಲು, ಹುಬ್ಬನ್ನು ಚೊಕ್ಕವಾಗಿ ಬರೆದುಕೊಡುತ್ತವೆ. ಒಮ್ಮೊಮ್ಮೆ ಅದು ಅಪ್ಪನ ಮುಖವಾಗಿ ಉಳಿದಿರುವುದಿಲ್ಲ. ಮುದ್ರಣಕ್ಕೆ ಕೊಡುವ ಮೊದಲು ಅವರನ್ನು ಹತ್ತಿರದಿಂದ ಬಲ್ಲ ಇಬ್ಬರಿಗಾದರೂ ತೋರಿಸಬೇಕು. ಅದಕ್ಕಿಂತ ಉತ್ತಮ ಮಾರ್ಗ, ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಜಗಲಿಯ ನೆರಳಿನಲ್ಲಿ, ಬೆಳಕು ಮುಖಕ್ಕೆ ಬರುವಂತೆ ಕೂರಿಸಿ, ಇಷ್ಟದ ಬಟ್ಟೆಯಲ್ಲಿ ಒಂದು ಒಳ್ಳೆಯ ಚಿತ್ರ ತೆಗೆದಿಡುವುದು. ಇದರಲ್ಲಿ ಅಪಶಕುನವೇನೂ ಇಲ್ಲ. ಹಳಬರೂ ವಯಸ್ಸಿದ್ದಾಗಲೇ ಸ್ಟುಡಿಯೊಗೆ ಹೋಗಿ, ಬಣ್ಣದ ಪರದೆಯ ಮುಂದೆ ಕುರ್ಚಿಯಲ್ಲಿ ಕುಳಿತು ಜೋಡಿ ಫೋಟೊ ತೆಗೆಸಿಕೊಂಡವರೇ.

ಫೈಲು, ಅಳತೆ

ಮುದ್ರಣ ಕೆಡುವುದಕ್ಕೆ ಕಾಣುವ ದೊಡ್ಡ ಕಾರಣ ವಾಟ್ಸ್ಆ್ಯಪ್. ಫೋಟೊವನ್ನು ಅದರಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಉದ್ದನೆಯ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಕುಗ್ಗುತ್ತದೆ. ಮೊಬೈಲ್ ಪರದೆಯಲ್ಲಿ ವ್ಯತ್ಯಾಸ ಕಾಣದು. 16 ಇಂಚಿಗೆ ಮುದ್ರಿಸಿದಾಗ ಇಂಚಿಗೆ ನೂರೇ ಚುಕ್ಕೆ ಉಳಿದು ಚಿತ್ರ ಮೆತ್ತಗಾಗುತ್ತದೆ. ಅದೇ ಫೋಟೊ 12 ಮೆಗಾಪಿಕ್ಸೆಲ್‌ನ ಮೂಲ ಫೈಲಾಗಿದ್ದರೆ ಉದ್ದ 4000 ಪಿಕ್ಸೆಲ್. 12x16 ಇಂಚಿನ ಮುದ್ರಣದಲ್ಲಿ ಇಂಚಿಗೆ 250 ಚುಕ್ಕೆ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಇಂಚಿಗೆ 300, ಎರಡು ಮೂರು ಅಡಿ ದೂರದಿಂದ ನೋಡುವುದಕ್ಕೆ 200, ಹಜಾರದ ಆಚೆ ಬದಿಯಿಂದ ನೋಡುವ ದೊಡ್ಡ ಚಿತ್ರಕ್ಕೆ 150 ಇದ್ದರೂ ನಡೆಯುತ್ತದೆ. ಸ್ಟುಡಿಯೊಗೆ ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು, ಇಲ್ಲವೇ ಪೆನ್‌ಡ್ರೈವ್ ಒಯ್ಯಬೇಕು. ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಮಗ ಕಳಿಸುವ ಮೊಮ್ಮಗುವಿನ ಫೋಟೊಗೂ ಇದೇ ಮಾತು.

ಇನ್ನೊಂದು ತೊಡಕು ಆಕಾರದ್ದು. ಸ್ಟುಡಿಯೊಗಳಲ್ಲಿ ಹೆಚ್ಚು ನಡೆಯುವ 8x12, 12x18, 16x24, 20x30 ಅಳತೆಗಳು ದೊಡ್ಡ ಕ್ಯಾಮೆರಾದ ಚಿತ್ರಕ್ಕೆ ಸರಿಹೊಂದುವಂಥವು. ಮೊಬೈಲ್ ಚಿತ್ರ ಸ್ವಲ್ಪ ಚೌಕಕ್ಕೆ ಹತ್ತಿರ. ಅದನ್ನು 18 ಇಂಚು ಅಗಲಕ್ಕೆ ಹಿಗ್ಗಿಸಿದರೆ ಎತ್ತರ ಹದಿಮೂರೂವರೆ ಇಂಚು ಬರುತ್ತದೆ. 12ರಲ್ಲಿ ಕೂರಿಸಲು ಒಂದೂವರೆ ಇಂಚು ಕತ್ತರಿಸಲೇಬೇಕು. ಗುಂಪು ಫೋಟೊದಲ್ಲಿ ಹಿಂದಿನ ಸಾಲಿನವರ ತಲೆ ಅಥವಾ ಮುಂದೆ ಕೂತ ಮಕ್ಕಳ ಕಾಲು ಹೋಗುವುದು ಹೀಗೆ. 12x16, 15x20, 18x24 ಕೇಳಿದರೆ ಏನೂ ಕಳೆಯದು. ಕ್ಯಾನ್ವಾಸ್ ಮಾಡಿಸುವವರು ಇನ್ನೂ ಎಚ್ಚರವಾಗಿರಬೇಕು. ಬಟ್ಟೆಯನ್ನು ಮರದ ಪಟ್ಟಿಗೆ ಸುತ್ತಿ ಹಿಂದೆ ಬಡಿಯುವಾಗ ಪ್ರತಿ ಬದಿಯಲ್ಲೂ ಒಂದೂವರೆಯಿಂದ ಎರಡು ಇಂಚು ಚಿತ್ರ ಅಂಚಿಗೆ ಹೋಗುತ್ತದೆ.

ದೊಡ್ಡ ಚಿತ್ರ ಮಾಡಿಸುವ ಮೊದಲು ಅದೇ ಫೈಲನ್ನು 4x6ರಲ್ಲಿ, ಸ್ಟುಡಿಯೊದವರು ಮ್ಯಾಕ್ಸಿ ಎನ್ನುವ ಅಳತೆಯಲ್ಲಿ, ಒಂದು ತೆಗೆಸಿ ನೋಡಬೇಕು. ಮೊಬೈಲ್ ಪರದೆ ತನ್ನದೇ ಬೆಳಕಿನಿಂದ ಹೊಳೆಯುತ್ತದೆ, ಕಾಗದಕ್ಕೆ ಆ ಬೆಳಕಿಲ್ಲ; ಮುದ್ರಣ ಯಾವಾಗಲೂ ಒಂದಿಷ್ಟು ಕಪ್ಪಾಗಿ ಬರುತ್ತದೆ. ಆ ಮ್ಯಾಕ್ಸಿಯನ್ನು ಮನೆಗೆ ತಂದು, ಫೋಟೊ ಬರುವ ಗೋಡೆಯ ಮೇಲೆಯೇ ಹಗಲಲ್ಲೂ ರಾತ್ರಿ ದೀಪದಲ್ಲೂ ಹಿಡಿದು ನೋಡಿದರೆ ಎಷ್ಟು ಬೆಳಕು ಏರಿಸಬೇಕೆಂದು ತಿಳಿಯುತ್ತದೆ.

ಮಳೆ ನೋಡಿ ಕಟ್ಟು

ಒಂದೇ ಜಿಲ್ಲೆಯಾದರೂ ಹವೆ ಒಂದಲ್ಲ. ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ. ಚನ್ನರಾಯಪಟ್ಟಣದಲ್ಲಿ ಅದರ ಮೂರನೇ ಒಂದು ಭಾಗದ ಆಸುಪಾಸು. ಅರಕಲಗೂಡು ಎರಡರ ನಡುವೆ, ಪಶ್ಚಿಮಕ್ಕೆ ಹೋದಷ್ಟೂ ಮಲೆನಾಡು. ಆದ್ದರಿಂದ ಚನ್ನರಾಯಪಟ್ಟಣದ ನೆಂಟರ ಮನೆಯಲ್ಲಿ ಹತ್ತು ವರ್ಷ ಚೆನ್ನಾಗಿದ್ದ ಫ್ರೇಮು ಮಲೆನಾಡಿನ ಅಂಚಿನ ಮನೆಯಲ್ಲಿ ಮೂರೇ ವರ್ಷಕ್ಕೆ ಕೆಟ್ಟರೆ ಆಶ್ಚರ್ಯವಿಲ್ಲ.

ಈಗ ಎಲ್ಲೆಡೆ ಚಾಲ್ತಿಯಲ್ಲಿರುವುದು ಲ್ಯಾಮಿನೇಷನ್. ಚಿತ್ರವನ್ನು ಎಂಡಿಎಫ್ ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ ಹಾಕುತ್ತಾರೆ. ಹಗುರ, ಅಗ್ಗ, ಒಡೆಯುವುದಿಲ್ಲ. ಬಯಲುಸೀಮೆಯ ಒಣ ಗೋಡೆಗೆ, ಮಕ್ಕಳ ಕೋಣೆಗೆ ಇದು ಸಾಕು. ಆದರೆ ಎಂಡಿಎಫ್ ಎಂದರೆ ಒತ್ತಿದ ಮರದ ನಾರು. ತೇವ ಕುಡಿದರೆ ಅಂಚು ಊದಿ ಪದರ ಬಿಡುತ್ತದೆ, ಮತ್ತೆ ಸರಿಯಾಗದು. ಥಂಡಿ ಹೆಚ್ಚಿರುವ ಊರುಗಳಲ್ಲಿ ಗಾಜಿನ ಕಟ್ಟೇ ಒಳ್ಳೆಯದು. ಒಂದು ಮಾತನ್ನಂತೂ ಒತ್ತಿ ಹೇಳಬೇಕು: ಮನೆಯಲ್ಲಿರುವ ಒಂದೇ ಒಂದು ಹಳೆಯ ಫೋಟೊವನ್ನು ಎಂದಿಗೂ ಲ್ಯಾಮಿನೇಷನ್‌ಗೆ ಕೊಡಬಾರದು. ಅಂಟಿದ ಪ್ಲಾಸ್ಟಿಕ್ಕನ್ನು ಚಿತ್ರಕ್ಕೆ ಪೆಟ್ಟಾಗದಂತೆ ಬಿಡಿಸಲು ಆಗುವುದಿಲ್ಲ. ಸ್ಕ್ಯಾನ್ ಮಾಡಿಸಿ, ಪ್ರತಿಗೆ ಏನು ಬೇಕಾದರೂ ಮಾಡಿಸಬಹುದು.

ಗಾಜಿನ ಕಟ್ಟಿನಲ್ಲಿ ಜೀವ ಉಳಿಸುವುದು ಮೌಂಟ್. ಚಿತ್ರದ ಸುತ್ತ ಕಾಣುವ ಬಿಳಿ ರಟ್ಟು ಅಂದಕ್ಕೆ ಎಂದುಕೊಂಡು, ದುಡ್ಡು ಉಳಿಸಲು ‘ಮೌಂಟ್ ಬೇಡ, ಪೂರ್ತಿ ಫೋಟೊನೇ ಬರ್ಲಿ’ ಎನ್ನುವವರು ಬಹಳ. ಫೋಟೊ ಕಾಗದದ ಮೇಲ್ಪದರ ಜೆಲಾಟಿನ್. ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟುತ್ತದೆ. ಒಣಗಿದ ಮೇಲೆ ಗಾಜಿನಿಂದ ಎಳೆದರೆ ಮುಖವೇ ಕಿತ್ತು ಬರುತ್ತದೆ. ರಟ್ಟಿನ ದಪ್ಪದಷ್ಟು ಗಾಳಿಯ ಸಂದಿ ಇದ್ದರೆ ಈ ಅಪಾಯ ತಪ್ಪುತ್ತದೆ. ಅದರಲ್ಲೂ ಆಮ್ಲರಹಿತ ಮೌಂಟ್ ಕೇಳಬೇಕು. ಸಾದಾ ರಟ್ಟಿನ ಆಮ್ಲ ಕೆಲವೇ ವರ್ಷದಲ್ಲಿ ಚಿತ್ರದ ಅಂಚಿಗೆ ಕಂದು ಗೆರೆ ಹಚ್ಚುತ್ತದೆ. ಫೋಟೊವನ್ನು ರಟ್ಟಿಗೆ ಪೂರ್ತಿ ಗೋಂದು ಹಚ್ಚಿ ಅಂಟಿಸದೆ, ಮೇಲಂಚಿನಲ್ಲಿ ಮಾತ್ರ ಕಾಗದದ ಪಟ್ಟಿಯಿಂದ ಹಿಡಿಸಲು ಹೇಳಬೇಕು.

ಹಿನ್ನೀರಿನ ಕಡೆಯ ಕುಟುಂಬಗಳಿಗೆ ಈ ಎಚ್ಚರ ಇನ್ನಷ್ಟು ಮುಖ್ಯ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡು ಊರುಗಳು ಮುಳುಗಿದಾಗ ಹೊರಬಂದವರ ಬಳಿ ಹಳೆಯ ಮನೆಯ ಗುರುತಾಗಿ ಉಳಿದದ್ದು ಇಂಥ ಕೆಲವು ಕಪ್ಪುಬಿಳುಪು ಚಿತ್ರಗಳೇ. ಅವು ಗಾಜಿಗೆ ಅಂಟಿದ್ದರೆ ಬಿಡಿಸುವ ಸಾಹಸ ಬೇಡ. ಗಾಜನ್ನು ಹೊರಗಡೆಯಿಂದ ಒರೆಸಿ, ಗಾಜಿನ ಸಮೇತ 600 ಡಿಪಿಐಗೆ ಸ್ಕ್ಯಾನ್ ಮಾಡಿಸಬೇಕು. ಸ್ಕ್ಯಾನರಿನಲ್ಲಿ ಹಿಡಿಯದಷ್ಟು ದೊಡ್ಡದಾದರೆ ಎರಡೂ ಬದಿಯಿಂದ ಓರೆಯಾಗಿ ಬೆಳಕು ಕೊಟ್ಟು ಒಳ್ಳೆಯ ಕ್ಯಾಮೆರಾದಲ್ಲಿ ತೆಗೆಸಬಹುದು. ಗೋಡೆಗೆ ಬರುವುದು ಆ ಪ್ರತಿ. ಮೂಲವನ್ನು ಗಾಜಿನ ಜೊತೆಗೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದು ಕ್ಷೇಮ. ಟ್ರಂಕಿನ ತಳ ಬೇಡ, ನೆಲದ ಥಂಡಿ ಅಲ್ಲಿಗೂ ಏರುತ್ತದೆ.

ಕಟ್ಟಿನ ಪಟ್ಟಿಯ ಲೆಕ್ಕ ಅಡಿಯದು. 12x18 ಚಿತ್ರಕ್ಕೆ ಸುತ್ತ ಎರಡು ಇಂಚು ಮೌಂಟ್ ಬಿಟ್ಟರೆ 16x22 ಆಗುತ್ತದೆ, ಸುತ್ತಳತೆ 76 ಇಂಚು. ಒಂದು ಇಂಚು ಅಗಲದ ಪಟ್ಟಿಯಾದರೆ ನಾಲ್ಕು ಮೂಲೆಯ ಓರೆ ಕತ್ತರಿಕೆಗೆ ಇನ್ನೂ 8 ಇಂಚು. ಒಟ್ಟು ಏಳು ಅಡಿ. ಅಡಿಗೆ ಎಷ್ಟು, ಗಾಜಿಗೆ ಎಷ್ಟು, ಮೌಂಟಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿದರೆ ಎರಡು ಅಂಗಡಿಯ ದರ ಹೋಲಿಸಲು ಸುಲಭ. ಈಗ ಹೆಚ್ಚು ಸಿಗುವುದು ಸಿಂಥೆಟಿಕ್ ಪಟ್ಟಿ. ಅದಕ್ಕೆ ಗೆದ್ದಲು ಹಿಡಿಯದು, ಮಳೆಗೆ ಊದದು. ದೊಡ್ಡ ಚಿತ್ರದ ಭಾರಕ್ಕೆ ಮಾತ್ರ ಮೂಲೆ ಬಿಡುವುದುಂಟು. ತೇಗದ್ದು ದುಬಾರಿಯಾದರೂ ಎರಡಡಿ ಮೀರಿದ ಚಿತ್ರಕ್ಕೆ ನಂಬಿಕೆಯದು. ಹಳೆಯ ಮನೆ ಕೆಡವುವಾಗ ಸಿಕ್ಕಿದ ಬೀಟೆ, ತೇಗ, ಹಲಸಿನ ತುಂಡುಗಳನ್ನು ಬಡಗಿಗೆ ಕೊಟ್ಟು ಕಟ್ಟು ಮಾಡಿಸಿದರೆ ಅದಕ್ಕೆ ಸಾಟಿಯಾದುದು ಅಂಗಡಿಯಲ್ಲಿ ಸಿಗಲಾರದು. ಬೆನ್ನಿಗೆ ಹಾಕುವ ಹಲಗೆಯ ಅಂಚನ್ನು ಸುತ್ತಲೂ ಟೇಪಿನಿಂದ ಮುಚ್ಚಿಸಬೇಕು. ಹುಳು ಮತ್ತು ದೂಳು ಒಳನುಗ್ಗುವುದು ಅಲ್ಲಿಂದಲೇ.

ಗೋಡೆಯ ಮೇಲೆ

ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಫೋಟೊವನ್ನು ಅಂದೇ ತೂಗುಹಾಕುವುದು ವಾಡಿಕೆ. ಹೊಸ ಗಾರೆ ಒಳಗಿಂದ ಆರಲು ತಿಂಗಳುಗಳು ಬೇಕು. ಒಂದು ಬೇಸಿಗೆ ಕಳೆಯುವವರೆಗೆ ಬೆಲೆಬಾಳುವ ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿಟ್ಟುಕೊಳ್ಳಬಹುದು. ಮಳೆ ಬಡಿಯುವ ಹೊರಗೋಡೆ, ಬಚ್ಚಲಿಗೆ ಅಂಟಿದ ಗೋಡೆ, ಪಡುವಣ ಬಿಸಿಲು ನೇರ ಬೀಳುವ ಗೋಡೆ ಈ ಮೂರನ್ನೂ ಬಿಟ್ಟು ಒಳಗೋಡೆ ಆರಿಸಿದರೆ ಚಿತ್ರಕ್ಕೆ ಆಯುಷ್ಯ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೊದಲು ಬಣ್ಣಗಳು ಸೋಲುತ್ತವೆ, ಮದುವೆಯ ಕೆಂಪು ಸೀರೆ ವರ್ಷಗಳಲ್ಲಿ ತೆಳುವಾಗುತ್ತದೆ. ಎಲ್ಲಿ ತೂಗುಹಾಕಿದರೂ ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಥವಾ ಬಾಟಲಿ ಬಿರಡೆಯ ಸಣ್ಣ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ.

ಭಾರದ ಅಂದಾಜೂ ಬೇಕು. 3 ಮಿಲಿಮೀಟರ್ ಗಾಜು ಚದರ ಮೀಟರಿಗೆ ಏಳೂವರೆ ಕಿಲೊ ತೂಗುತ್ತದೆ. 2x3 ಅಡಿಯ ಚಿತ್ರಕ್ಕೆ ಗಾಜೊಂದೇ ನಾಲ್ಕು ಕಿಲೊ ಮೀರುತ್ತದೆ. ಅಂಥದ್ದನ್ನು ಒಂದು ಮೊಳೆಗೆ ಬಿಡದೆ, ಡ್ರಿಲ್ ಮಾಡಿಸಿ ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಎರಡು ಸ್ಕ್ರೂಗಳಿಗೆ ಹಂಚಬೇಕು. ಅಕ್ರಿಲಿಕ್ ಹಾಳೆ ಅದರ ಅರ್ಧ ಭಾರವಿದ್ದು ಒಡೆಯುವ ಭಯ ಕಡಿಮೆ, ಆದರೆ ಒರಟು ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಡ್ರಿಲ್ ಮಾಡಬಾರದು, ಒಳಗೆ ವೈರು ಏರಿಹೋಗಿರುತ್ತದೆ.

ಎತ್ತರದ ವಿಷಯದಲ್ಲಿ ವಸ್ತುಸಂಗ್ರಹಾಲಯಗಳ ಅಳತೆ ಒಂದಿದೆ: ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿಗೆ ಬರಬೇಕು. ಸೋಫಾದ ಮೇಲಾದರೆ ಅದರ ಬೆನ್ನಿನಿಂದ ಒಂದು ಗೇಣು ಬಿಟ್ಟು ಶುರುಮಾಡಬಹುದು. ಹಿರಿಯರ ಫೋಟೊ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ತಲೆಗಿಂತ ಎತ್ತರದಲ್ಲಿ, ಬಹಳ ಮನೆಗಳಲ್ಲಿ ದಕ್ಷಿಣದ ಗೋಡೆಯಲ್ಲಿ, ದೇವರ ಮನೆಯಿಂದ ಹೊರಗೆ ಇರಬೇಕೆಂಬ ಪದ್ಧತಿಯನ್ನು ಪಾಲಿಸುತ್ತಾರೆ. ಅಲ್ಲಿ ಹಳೆಯ ಕಾಲದಂತೆ ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕುವುದು ಇಂದಿಗೂ ಸರಿಯಾದ ಕ್ರಮ. ಹಲವು ಚಿತ್ರಗಳನ್ನು ಒಟ್ಟಿಗೆ ಹಾಕುವವರು ಪ್ರತಿ ಫ್ರೇಮಿನ ಅಳತೆಗೆ ಹಳೆಯ ಪತ್ರಿಕೆ ಕತ್ತರಿಸಿ ಗೋಡೆಗೆ ಅಂಟಿಸಿ ಎರಡು ದಿನ ನೋಡಲಿ. ತೂತು ಕೊರೆದ ಮೇಲೆ ಜಾಗ ಬದಲಿಸಿದರೆ ಗೋಡೆ ಕೆಡುತ್ತದೆ.

ಒರೆಸುವಾಗ ನೀರನ್ನು ಗಾಜಿಗೆ ಚಿಮುಕಿಸದೆ ಬಟ್ಟೆಗೆ ಚಿಮುಕಿಸಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ, ಪಕ್ಷಕ್ಕೆ ಹೇಗೂ ಇಳಿಸುವಾಗ, ಬೆನ್ನಿನ ಟೇಪು ಬಿಟ್ಟಿದೆಯೇ, ಗೆದ್ದಲ ಮಣ್ಣಿನ ಗೆರೆ ಇದೆಯೇ ಎಂದು ತಿರುಗಿಸಿ ನೋಡಬೇಕು. ಈಗಿನ ಫೋಟೊ ಕಾಗದದ ಬೆನ್ನು ಪ್ಲಾಸ್ಟಿಕ್ ಆದ್ದರಿಂದ ಅದರ ಮೇಲೆ ಬರೆದರೆ ಶಾಯಿ ನಿಲ್ಲುವುದಿಲ್ಲ. ಚಿತ್ರದಲ್ಲಿರುವವರ ಹೆಸರು, ಊರು, ತೆಗೆದ ವರ್ಷವನ್ನು ಬೇರೊಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಬೆನ್ನಿನ ಹಲಗೆಯ ಹೊರಗಡೆ ಅಂಟಿಸಿಡಬಹುದು. ಮುದ್ರಿಸಿದ ಫೈಲಿನ ಒಂದು ಪ್ರತಿ ಮನೆಯ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಅಥವಾ ತಮ್ಮನ ಬಳಿ ಇರಲಿ.